ಬಿಪಿ ಸರಿಯಿದೆ, ಆದ್ರೂ ಏದುಸಿರು ಯಾಕೆ?

ಪ್ರಶ್ನೆ: ಅಕ್ಕಾ, ಮುಂಬಯಿಯ ಒಂದು ಆಸ್ಪತ್ರೆಯ ಹೃದಯ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ಜೊತೆಗೆ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಓದುತ್ತಿದ್ದೇನೆ. ನಮ್ಮ ಓಪಿಡಿಗೆ ಬರುವ ಉಡುಪಿ ಕಡೆಯ ಹೆಂಗಸೊಬ್ಬರಿಗೆ ಪಲ್ಮನರಿ ಹೈಪರ್‌ಟೆನ್ಷನ್ ಇದೆ. 'ಬಿಪಿ 110/70 ಉಂಟಲ್ಲ, ಮತ್ತೆ ಎಂಥ ಹೈಪರ್‌ಟೆನ್ಷನ್?' ಅಂತ ಕೇಳುತ್ತಾರೆ. ಸಿಲ್ಡೆನಾಫಿಲ್ (ವಯಾಗ್ರದಲ್ಲಿರುವ ಔಷಧಿಯೇ ಇದು) ಚೀಟಿ ನೋಡಿ ಮೆಡಿಕಲ್‌ನವನು ನಕ್ಕನಂತೆ, ಮಾತ್ರೆ ತಗೊಳ್ಳದೆ ಬಂದಿದ್ದಾರೆ. ಏನು ಹೇಳಲಿ? ನಾನು ಏನೇನು ನೋಡಬೇಕು?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಅವರು ಕೇಳಿದ್ದು ಸರಿಯಾಗಿಯೇ ಇದೆ. ತೋಳಿಗೆ ಪಟ್ಟಿ ಸುತ್ತಿದರೆ ಈ ಒತ್ತಡ ಸಿಗುವುದಿಲ್ಲ. ಇದು ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಒತ್ತಡ. ಅಲ್ಲಿ ಸರಾಸರಿ 14 mmHg ಆಸುಪಾಸು ಇರಬೇಕು. ಮೊದಲು 25 ದಾಟಿದರೆ ಕಾಯಿಲೆ ಅನ್ನುತ್ತಿದ್ದರು, 2022ರ ಯುರೋಪಿನ ಮಾರ್ಗಸೂಚಿ 20 ದಾಟಿದರೆ ಸಾಕು ಎಂದಿತು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಕೊಡುವುದು ಅಂದಾಜು ಮಾತ್ರ. ಖಚಿತವಾಗುವುದು ಹೃದಯದ ಬಲಭಾಗಕ್ಕೆ ಕ್ಯಾಥೆಟರ್ (ತೆಳು ನಳಿಕೆ) ಹಾಕಿ ಅಳೆದಾಗಲೇ.

ಇದರಲ್ಲಿ ಐದು ಗುಂಪುಗಳಿವೆ. ಪರೀಕ್ಷೆಗೆ ಐದನ್ನೂ ಓದಿ, ಆದರೆ ಓಪಿಡಿಯಲ್ಲಿ ಜಾಸ್ತಿ ಸಿಗುವುದು ಎರಡನೆಯದು, ಎಡಭಾಗದ ಹೃದಯದ ತೊಂದರೆಯಿಂದ ಬಂದದ್ದು. ರುಮ್ಯಾಟಿಕ್ ಜ್ವರದಿಂದ ಎಡಭಾಗದ ಮೈಟ್ರಲ್ ಕವಾಟ ಕಿರಿದಾದವರೂ ಇದರಲ್ಲೇ ಬರುತ್ತಾರೆ. ಅವರಿಗೆ ಬೇಕಾದದ್ದು ಕವಾಟದ ಚಿಕಿತ್ಸೆ, ಸಿಲ್ಡೆನಾಫಿಲ್ ಅಲ್ಲ. ಹಾಗಾಗಿ ಫೈಲಿನಲ್ಲಿ ವೆಜ್ (wedge) ಪ್ರೆಶರ್ ಹುಡುಕಿ, ಕ್ಯಾಥೆಟರ್ ಹಾಕಿದಾಗ ಸಿಗುವ, ಹೃದಯದ ಎಡಭಾಗದ ಒತ್ತಡ ತೋರಿಸುವ ಅಳತೆ ಅದು. 15ಕ್ಕಿಂತ ಮೇಲಿದ್ದರೆ ತೊಂದರೆ ಎಡಗಡೆ ಇದೆ. ಹಿಂದೆ ಕಾಲಿನಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿತ್ತಾ ಎಂದೂ ಕೇಳಿ. ಹಾಗೆ ಹಳೆಯದಾಗಿ ಹೆಪ್ಪುಗಟ್ಟಿದ ರಕ್ತದಿಂದ ಬಂದದ್ದಾದರೆ ಎಷ್ಟೋ ಜನರಿಗೆ ಆಪರೇಷನ್ನಿನಿಂದ ಗುಣವಾಗುತ್ತದೆ.

'ಏದುಸಿರು ಬರುತ್ತಾ?' ಅಂತ ಮಾತ್ರ ಕೇಳಬೇಡಿ. 'ಇಲ್ಲ ಸಿಸ್ಟರ್' ಅಂತಲೇ ಹೇಳುತ್ತಾರೆ, ಯಾಕೆಂದರೆ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುತ್ತಾರೆ! ಸ್ಟೇಷನ್ನಿನ ಬ್ರಿಜ್ ಹತ್ತುವಾಗ ಎಷ್ಟು ಸಲ ನಿಲ್ಲುತ್ತೀರಿ, ಕಳೆದ ದೀಪಾವಳಿಗೆ ಹೇಗಿತ್ತು, ನೀರಿನ ಬಕೆಟ್ ಈಗ ಯಾರು ಎತ್ತುತ್ತಾರೆ ಅಂತ ಕೇಳಿ. ನಡೆಯುವಾಗ, ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದರೆ ಅದನ್ನು ಬಿಸಿಲು, ಉಪವಾಸ ಅಂತ ತಳ್ಳಿಹಾಕಬೇಡಿ. ಅವತ್ತೇ ಡಾಕ್ಟರಿಗೆ ತಿಳಿಸಿ. ಜೊತೆಗೆ ತೂಕ, ಕಾಲಿನ ಊತ, ಕುತ್ತಿಗೆಯ ಸಿರೆ ನೋಡಿ.

ವಾರ್ಡಿನಲ್ಲಿ ಇಂಥವರ ಬಿಪಿ ಇಳಿದರೆ ನಮ್ಮ ಕೈ ಸೀದಾ ಸಲೈನಿಗೆ ಹೋಗುತ್ತದೆ, ಅಲ್ವಾ? ತಡೆಯಿರಿ. ಮೊದಲೇ ಹಿಗ್ಗಿದ ಬಲಭಾಗಕ್ಕೆ ಬಾಟಲಿಗಟ್ಟಲೆ ಸುರಿದರೆ ಅದು ಇನ್ನಷ್ಟು ಸೋಲುತ್ತದೆ. ಆಕ್ಸಿಜನ್ ಮಟ್ಟ ನೋಡಿ, ಡಾಕ್ಟರನ್ನು ಕರೆಯಿರಿ, ಸಲೈನ್ ಬೇಕೋ ಬೇಡವೋ ಆಮೇಲೆ ಅವರೇ ಹೇಳಲಿ.

ಇನ್ನು ಆ ಮಾತ್ರೆ. ಗಂಡನನ್ನೂ ಕೂರಿಸಿಕೊಂಡು ಹೇಳಿ: ಇದು ಶ್ವಾಸಕೋಶದ ರಕ್ತನಾಳವನ್ನೂ ಸಡಿಲಿಸುತ್ತದೆ, 2005ರಲ್ಲೇ ಅಮೆರಿಕದಲ್ಲಿ ಈ ಕಾಯಿಲೆಗೆ ಒಪ್ಪಿಗೆ ಸಿಕ್ಕಿದೆ, ಸಾಮಾನ್ಯವಾಗಿ 20 ಮಿಲಿಗ್ರಾಂ ದಿನಕ್ಕೆ ಮೂರು ಸಲ. ನಗುವವನು ನಗಲಿ. ಬೇಕಿದ್ದರೆ ಡಾಕ್ಟರ ಹತ್ತಿರ ಚೀಟಿಯ ಮೇಲೆ ಕಾಯಿಲೆಯ ಹೆಸರು ಬರೆಸಿ. ಆದರೆ ಎದೆನೋವು ಅಂತ ಪಕ್ಕದ ಮನೆಯವರು ನಾಲಿಗೆ ಕೆಳಗೆ ಸಾರ್ಬಿಟ್ರೇಟ್ (ಎದೆನೋವಿಗೆ ಕೊಡುವ ನೈಟ್ರೇಟ್ ಮಾತ್ರೆ) ಇಟ್ಟರೆ ಬಿಪಿ ಪಾತಾಳಕ್ಕೆ ಇಳಿದು ಜೀವಕ್ಕೇ ಅಪಾಯ. ಎರಡೂ ಒಟ್ಟಿಗೆ ಬೇಡ ಎಂದು ಫೈಲಿನ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಡಿ.

ಮುಂದೆ ಇದೇ ಕಾಯಿಲೆಯ ಇನ್ನೊಂದು ಮಾತ್ರೆ ಬೊಸೆಂಟಾನ್ ಸೇರಿಸಿದರೆ ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಬೇಕು. ಗರ್ಭಿಣಿಯರಿಗೆ ಆ ಮಾತ್ರೆ ಸಲ್ಲದು. ಈ ಕಾಯಿಲೆಯಲ್ಲಿ ಬಸಿರೇ ತಾಯಿಯ ಪ್ರಾಣಕ್ಕೆ ಕುತ್ತು. ನಿಮ್ಮ ರೋಗಿಗೆ ಆ ವಯಸ್ಸಾಗಿದ್ದರೆ ಅತ್ತೆಯನ್ನು ಚಹಾಕ್ಕೆ ಕಳಿಸಿ ಮಾತಾಡಿ. ಎದುರಿಗೆ ಯಾರೂ ಬಾಯಿ ಬಿಡುವುದಿಲ್ಲ.

ಊರಿಗೆ ಹೊರಟರೆ ಮಾತ್ರೆಯ ಸ್ಟ್ರಿಪ್ ಎಣಿಸಿ ಕಳಿಸಿ. ನಾಲ್ಕು ದಿನಕ್ಕೆ ಹೋದವರು ಎರಡು ವಾರ ಉಳಿಯುತ್ತಾರೆ, ಮತ್ತು ಈ ಮಾತ್ರೆ ಹಳ್ಳಿಯ ಅಂಗಡಿಯಲ್ಲಿ ಸಿಗುತ್ತದೆ ಅನ್ನುವಂತಿಲ್ಲ. ನಡುವೆ ದಿಢೀರ್ ನಿಲ್ಲಿಸಬಾರದು.