ಬೇಸಿಗೆಯ ಬೆಟ್ಟಯಾತ್ರೆಗೆ ಬಟ್ಟೆ ಹೇಗೆ ಕಟ್ಟಿಕೊಳ್ಳಬೇಕು?

ಪ್ರಶ್ನೆ: ಮೇ ತಿಂಗಳ ಮೂರನೆಯ ವಾರದಲ್ಲಿ ನಾನು, ನಮ್ಮ ಯಜಮಾನರು, 12 ವರ್ಷದ ಮಗಳು ಮತ್ತು 64 ವರ್ಷದ ಅತ್ತೆಯವರು ಕೇದಾರ–ಬದರಿ ಯಾತ್ರೆಗೆ ಹೊರಟಿದ್ದೇವೆ. ಹೋಗಿಬಂದವರಲ್ಲಿ ಕೆಲವರು ವಿಪರೀತ ಸೆಕೆ ಎನ್ನುತ್ತಾರೆ, ಕೆಲವರು ಹಿಮ ಬಿದ್ದಿತ್ತು ಎನ್ನುತ್ತಾರೆ. ತಲಾ ಒಂದೇ ಚೀಲ ಒಯ್ಯುವ ವಿಚಾರವಿದೆ. ಅತ್ತೆಯವರು ಇಳಕಲ್ ಸೀರೆಯ ಹೊರತು ಬೇರೇನನ್ನೂ ಉಡುವವರಲ್ಲ. ಏನೇನು ಕಟ್ಟಿಕೊಳ್ಳಬೇಕು?
– ಓದುಗರೊಬ್ಬರು, ಸಪ್ತಾಪುರ, ಧಾರವಾಡ

ಉತ್ತರ: ನಿಮಗೆ ಹೇಳಿದವರೆಲ್ಲರೂ ತಾವು ಕಂಡದ್ದನ್ನೇ ಹೇಳಿದ್ದಾರೆ. ಹರಿದ್ವಾರ ಸಮುದ್ರಮಟ್ಟದಿಂದ ಸುಮಾರು 314 ಮೀಟರ್ ಎತ್ತರದಲ್ಲಿದ್ದರೆ ಕೇದಾರನಾಥ 3,583 ಮೀಟರ್ ಎತ್ತರದಲ್ಲಿದೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ ಆರೂವರೆ ಡಿಗ್ರಿ ಇಳಿಯುವುದರಿಂದ, ಕೆಳಗೆ 38 ಡಿಗ್ರಿ ಬಿಸಿಲಿರುವ ಮಧ್ಯಾಹ್ನ ಮೇಲೆ 17 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೋಡ ಕವಿದು ಗಾಳಿ ಎದ್ದರೆ ಅದಕ್ಕಿಂತ ಬಹಳ ಕೆಳಗೆ, ರಾತ್ರಿ ಸೊನ್ನೆಯ ಹತ್ತಿರಕ್ಕೆ ಹೋಗುತ್ತದೆ. ಬೆಳಿಗ್ಗೆ ನಿಚ್ಚಳವಾಗಿದ್ದ ಆಕಾಶ ಮಧ್ಯಾಹ್ನದ ಹೊತ್ತಿಗೆ ಕಪ್ಪಾಗಿ ಮಳೆ ಸುರಿಯುವುದು ಅಲ್ಲಿ ಸಾಮಾನ್ಯ.

ಆದರೆ ಚಳಿಗಿಂತ ನೀವು ಹೆಚ್ಚು ಅಂಜಬೇಕಾದದ್ದು ಒದ್ದೆಗೆ. ನಮ್ಮ ಸೀಮೆಯ ಬೇಸಿಗೆಗೆ ಹತ್ತಿ ಬಟ್ಟೆಯಷ್ಟು ಹಿತವಾದದ್ದು ಇನ್ನೊಂದಿಲ್ಲ. ಅದೇ ಹತ್ತಿ ಬೆಟ್ಟದ ಮೇಲೆ ನೀರು ಹೀರಿ, ಬೇಗ ಒಣಗದೆ, ಮೈಯ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಉಣ್ಣೆ ಹಾಗಲ್ಲ, ನೆನೆದರೂ ಒಂದಿಷ್ಟು ಬೆಚ್ಚಗಿಡುತ್ತದೆ. ನಮ್ಮ ಕುರಿಗಾರರು ಜಡಿಮಳೆಯಲ್ಲೂ ಕಂಬಳಿಯ ಕೊಪ್ಪೆ ಹಾಕಿಕೊಂಡು ಅಡವಿಯಲ್ಲಿ ನಿಲ್ಲುವುದು ಈ ಗುಣವನ್ನು ನಂಬಿಯೇ.

ಆದ್ದರಿಂದ ಒಂದು ಭಾರಿ ಕೋಟಿನ ಬದಲು ತೆಳುವಾದ ಮೂರು ಪದರ ಇರಲಿ. ಮೈಗೆ ತಾಗುವಂತೆ ಬೇಗ ಒಣಗುವ ಪಾಲಿಯೆಸ್ಟರ್ ಅಥವಾ ಥರ್ಮಲ್ ಬಟ್ಟೆ, ಅದರ ಮೇಲೆ ಉಣ್ಣೆಯ ಸ್ವೆಟರ್, ಎಲ್ಲಕ್ಕೂ ಹೊರಗೆ ನೀರು ಇಳಿಯದ, ತಲೆಗೂ ಮುಚ್ಚಿಗೆಯಿರುವ ಜಾಕೆಟ್ ಮತ್ತು ಪ್ಯಾಂಟು. ಛತ್ರಿಯನ್ನು ನೆಚ್ಚಬೇಡಿ, ಅಲ್ಲಿಯ ಗಾಳಿಗೆ ಅದು ತಡೆಯುವುದಿಲ್ಲ. ಏರುವಾಗ ಸ್ವೆಟರ್ ಬಿಚ್ಚಿ, ಕುಳಿತೊಡನೆ ಹಾಕಿಕೊಳ್ಳಬೇಕು. ಇಲ್ಲವಾದರೆ ಬೆವರೇ ಒಳಗಿನಿಂದ ಮಳೆಯ ಕೆಲಸ ಮಾಡುತ್ತದೆ. ಓಡಿ ಓಡಿ ಹತ್ತುವ ಮಗಳ ಮೇಲೆ ಈ ವಿಷಯದಲ್ಲಿ ಕಣ್ಣಿಡಿ. ಚಳಿಗಾಲದಲ್ಲಿ ನಮ್ಮ ಪೇಟೆಗೆ ಬರುವ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಮೇ ತಿಂಗಳಲ್ಲಿ ಇರುವುದಿಲ್ಲವಾದ್ದರಿಂದ, ಮನೆಯಲ್ಲಿರುವುದನ್ನು ಈಗಲೇ ತೆಗೆದು ನೋಡಿಕೊಳ್ಳಿ.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರೊಂದಿಗೆ ಇದೇ ದಾರಿಯಲ್ಲಿ ಹೋಗಿದ್ದೆ. ಕೇದಾರದ ಏರುದಾರಿ ಶುರುವಾಗುವ ಗೌರಿಕುಂಡದಲ್ಲಿ ಬಿಸಿಲು ಕಂಡು ಸ್ವೆಟರುಗಳನ್ನೆಲ್ಲ ಚೀಲಕ್ಕೆ ತುಂಬಿ, ಚೀಲವನ್ನು ಹೇಸರಗತ್ತೆಯ ಮೇಲೆ ಮುಂದೆ ಕಳಿಸಿಬಿಟ್ಟೆ. ದಾರಿಯಲ್ಲಿ ಸಿಗುವ ಭೀಮಬಲಿ ದಾಟಿದ ಮೇಲೆ ಮಳೆ ಹಿಡಿಯಿತು. ತಾಯಿಯವರ ಸೀರೆಯ ಅಂಚಿನಿಂದ ಏರಿದ ನೀರು ಮೊಣಕಾಲು ಮುಟ್ಟಿತು, ನಿರಿಗೆಗಳು ಕಾಲಿಗೆ ಸುತ್ತಿಕೊಂಡವು. ಚಹಾದ ಲೋಟ ಕೊಟ್ಟರೆ ಬೆರಳು ಮಡಚಲಾಗದೆ ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡರು. ಆ ಕೈಗಳನ್ನು ನಾನು ಇನ್ನೂ ಮರೆತಿಲ್ಲ. ಸ್ವೆಟರ್, ಮಳೆಯಂಗಿ, ಕಿವಿ ಮುಚ್ಚುವ ಟೋಪಿ, ಕೈಗವಸು ಇವು ಸಣ್ಣ ಚೀಲದಲ್ಲಿ ನಿಮ್ಮ ಹೆಗಲ ಮೇಲೆಯೇ ಇರಬೇಕು.

ಅತ್ತೆಯವರಿಗೆ ಇಳಕಲ್ ಸೀರೆ ಬೇಡವೆಂದು ಹೇಳಬೇಡಿ. ಹತ್ತಿ ಒಡಲಿನ ಆ ಸೀರೆಯನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದರ್ಶನದ ಹೊತ್ತಿಗೆ ಉಡಲು ಒಣಗಿದಂತೆಯೇ ಮೇಲೆ ಮುಟ್ಟಿಸಿ. ಹದಿನಾರು ಕಿಲೋಮೀಟರಿಗೆ ಕಡಿಮೆಯಿಲ್ಲದ ಆ ಏರುದಾರಿಗೆ ಮಾತ್ರ ಹಗುರವಾದ ಆರು ಗಜದ ಪಾಲಿಯೆಸ್ಟರ್ ಸೀರೆಯನ್ನು ಪಾದಕ್ಕಿಂತ ಒಂದು ಗೇಣು ಮೇಲೆ ಉಟ್ಟು, ಒಳಗೆ ಥರ್ಮಲ್ ಪ್ಯಾಂಟು ಹಾಕಿಕೊಳ್ಳಲು ಒಪ್ಪಿಸಿ. ಡೋಲಿಯಲ್ಲೋ ಕುದುರೆಯ ಮೇಲೋ ಹೋಗುವುದಾದರೆ ಅವರಿಗೆ ಬಟ್ಟೆ ಇನ್ನೂ ಹೆಚ್ಚು ಬೇಕು, ಏಕೆಂದರೆ ನಡೆಯುವವರ ಮೈ ಬಿಸಿಯಾಗುವಂತೆ ಕುಳಿತವರದು ಆಗುವುದಿಲ್ಲ.

ಉಳಿದಂತೆ, ಪ್ರತಿಯೊಬ್ಬರಿಗೂ ಎರಡು ಜೊತೆ ಉಣ್ಣೆಯ ಕಾಲುಚೀಲ, ಮತ್ತು ಏನೇ ಆದರೂ ದಾರಿಯಲ್ಲಿ ಬಿಚ್ಚದೆ ರಾತ್ರಿಗೆಂದೇ ಮೀಸಲಿಟ್ಟ ಒಂದು ಜೊತೆ ಒಣ ಬಟ್ಟೆ ಇರಲಿ. ಎತ್ತರದಲ್ಲಿ ಬಿಸಿಲು ತಂಪಾಗಿ ಕಂಡರೂ ಚರ್ಮ ಸುಡುತ್ತದೆ, ತುಂಬು ತೋಳಿನ ಅಂಗಿಯೇ ಮೇಲು. ಬೂಟು ಹೊಸದಾಗಿದ್ದರೆ ಇಂದಿನಿಂದಲೇ ಹಾಕಿಕೊಂಡು ಕೆಲಗೇರಿ ಕೆರೆಯ ದಂಡೆಯಲ್ಲಿ ದಿನಾಲು ನಡೆಯಿರಿ. ಹಿಮ್ಮಡಿ ಕಚ್ಚುವುದಿದ್ದರೆ ಇಲ್ಲಿಯೇ ಗೊತ್ತಾಗಲಿ.