ಸಿಲಿಯಾಕ್ ಕಾಯಿಲೆ ಇರುವ ಮಗು ಪರಮಪ್ರಸಾದ ಸ್ವೀಕರಿಸುವುದು ಹೇಗೆ?

ಮಗಳು ಮೊದಲ ಬಾರಿಗೆ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತರ ಶರೀರ-ರಕ್ತವಾಗಿ ಕೊಡುವ ರೊಟ್ಟಿ, ದ್ರಾಕ್ಷಾರಸ) ಸ್ವೀಕರಿಸುವ ದಿನ ಹತ್ತಿರ ಬರುತ್ತಿದೆ, ಅವಳಿಗೆ ಸಿಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಕರುಳು ಹಾಳಾಗುವ ಕಾಯಿಲೆ) ಇರುವುದು ಈಗಷ್ಟೇ ಗೊತ್ತಾಗಿದೆ, ಅಕ್ಕಿಹಿಟ್ಟಿನ ಓಸ್ತಿ (ಪೂಜೆಯ ತೆಳು ರೊಟ್ಟಿ) ಕೊಡಿಸಬಹುದೇ ಎಂದು ಕೇಳಿದ್ದೀರಿ. ಪರಮಪ್ರಸಾದದಿಂದ ಯಾರಿಗೂ ಕೇಡಾಗದು, ಒಂದು ಚೂರು ಕೊಡಿ ಎಂದು ನಿಮ್ಮ ಅತ್ತೆಯವರು ಹೇಳುತ್ತಿರುವುದಾಗಿಯೂ ಬರೆದಿದ್ದೀರಿ. ನನಗೂ ಇದೇ ಕಾಯಿಲೆ. ಹಲವು ವರ್ಷಗಳಿಂದ ಪಾನಪಾತ್ರೆಯಿಂದ, ಅಂದರೆ ದ್ರಾಕ್ಷಾರಸವಾಗಿ ಮಾತ್ರ ಪರಮಪ್ರಸಾದ ಸ್ವೀಕರಿಸುತ್ತಿದ್ದೇನೆ. ನಿಮ್ಮ ಮಗಳು ಖಂಡಿತ ಸ್ವೀಕರಿಸಬಹುದು. ಆದರೆ ಅಕ್ಕಿಯ ಓಸ್ತಿ ಆಗದು, ಮಾಮೂಲಿ ಓಸ್ತಿಯ ಚೂರೂ ಬೇಡ.

ಕಥೋಲಿಕ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿಯ ಪ್ರಕಾರ ರೊಟ್ಟಿ ಗೋಧಿಯದ್ದೇ ಆಗಿರಬೇಕು. ಗ್ಲುಟೆನ್ ಲವಲೇಶವೂ ಇಲ್ಲದ ಓಸ್ತಿ ಸಿಂಧುವಲ್ಲ ಎಂದು ವ್ಯಾಟಿಕನ್ 2003ರ ಜುಲೈನಲ್ಲಿ ಬಿಷಪರಿಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿತು, 2017ರಲ್ಲಿ ಅದನ್ನೇ ಮತ್ತೆ ನೆನಪಿಸಿತು. ಕಠಿಣವೆನಿಸಬಹುದು. ಆದರೆ ಆ 2003ರ ಪತ್ರವೇ ನಮ್ಮಂಥವರಿಗೆ ಎರಡು ಬಾಗಿಲು ತೆರೆದಿದೆ: ಕಡಿಮೆ ಗ್ಲುಟೆನ್‌ನ ಓಸ್ತಿ, ಇಲ್ಲವೇ ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಪರಮಪ್ರಸಾದ.

ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್‌ನಲ್ಲಿರುವ ಬೆನೆಡಿಕ್ಟೈನ್ ಸನ್ಯಾಸಿನಿಯರು ಗೋಧಿಯ ಪಿಷ್ಟದಿಂದ ತಯಾರಿಸುವ ಓಸ್ತಿಯಲ್ಲಿ ಗ್ಲುಟೆನ್ ಪ್ರಮಾಣ ಶೇ. 0.01. ಕಾಲು ಗ್ರಾಂ ತೂಕದ ಓಸ್ತಿ ಎಂದು ಲೆಕ್ಕ ಹಾಕಿದರೆ 0.025 ಮಿಲಿಗ್ರಾಂ. ದಿನಕ್ಕೆ 10 ಮಿಲಿಗ್ರಾಂವರೆಗಿನ ಗ್ಲುಟೆನ್ ಹೆಚ್ಚಿನ ರೋಗಿಗಳಿಗೆ ಹಾನಿ ಮಾಡದು ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಹಾಗಾಗಿ ಅನೇಕರಿಗೆ ಇದು ಸಾಕಾಗುತ್ತದೆ. ಮಗುವಿನ ವಿಷಯದಲ್ಲಿ ಅವಳ ವೈದ್ಯರನ್ನು ಕೇಳಿಯೇ ನಿರ್ಧರಿಸಿ. ಈ ಓಸ್ತಿಗೆ ಬಿಷಪರ ಅನುಮತಿ ಬೇಕು. ಒಮ್ಮೆ ಕೊಟ್ಟರೆ ಕಾಯಿಲೆ ಇರುವವರೆಗೂ ನಡೆಯುತ್ತದೆ.

ಅತ್ತೆಯವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಮಾತು ಧರ್ಮಸಭೆಯ ಬೋಧನೆಯಲ್ಲ. 13ನೆಯ ಶತಮಾನದಲ್ಲಿಯೇ ಸಂತ ಥಾಮಸ್ ಅಕ್ವಿನಾಸ್ ವಿವರಿಸಿದಂತೆ, ಪೂಜೆಯಲ್ಲಿ ಬದಲಾಗುವುದು ರೊಟ್ಟಿಯ ಒಳಗಿನ ಸತ್ವ ಮಾತ್ರ. ಬಣ್ಣ, ರುಚಿ, ತೂಕ ಮತ್ತು ದೇಹದ ಮೇಲಿನ ಪರಿಣಾಮ ಹಾಗೆಯೇ ಉಳಿಯುತ್ತವೆ. ಗೋಧಿ ಕರುಳಿಗೆ ಮಾಡುವುದನ್ನು ಬಲಿಪೀಠದ ಮೇಲಿನಿಂದ ಬಂದಾಗಲೂ ಮಾಡುತ್ತದೆ. ಚೂರು ತಿಂದ ಮಗು ನರಳದಿದ್ದರೂ ಕರುಳಿನ ಒಳಪದರ ಸದ್ದಿಲ್ಲದೆ ಹಾಳಾಗುತ್ತಿರಬಹುದು. ಇದನ್ನು ಅವಳ ವಿಶ್ವಾಸದ ಪರೀಕ್ಷೆ ಮಾಡಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಪಾನಪಾತ್ರೆಯ ವಿಷಯ. ಬರೀ ದ್ರಾಕ್ಷಾರಸ ಎಂದರೆ ಅರ್ಧ ಪರಮಪ್ರಸಾದ ಎಂಬ ಭಾವನೆ ಬಹಳ ಮಂದಿಯಲ್ಲಿದೆ. ಎರಡರಲ್ಲಿ ಯಾವ ರೂಪದಲ್ಲಿ ಸ್ವೀಕರಿಸಿದರೂ ಕ್ರಿಸ್ತರು ಪೂರ್ಣವಾಗಿ ಅಲ್ಲಿರುತ್ತಾರೆ ಎಂದು ಟ್ರೆಂಟ್‌ನಲ್ಲಿ ಸೇರಿದ ಬಿಷಪರ ಮಹಾಸಭೆ 1551ರಲ್ಲಿ ಸಾರಿತು. ಇದು ಹೊಸ ರಿಯಾಯಿತಿಯೂ ಅಲ್ಲ: 3ನೆಯ ಶತಮಾನದಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜ್‌ನಲ್ಲಿ ಹಸುಗೂಸಿಗೂ ಪಾನಪಾತ್ರೆಯಿಂದ ಕೊಡುತ್ತಿದ್ದುದನ್ನು ಬಿಷಪ್ ಸಿಪ್ರಿಯಾನರು ದಾಖಲಿಸಿದ್ದಾರೆ. ರೊಟ್ಟಿ ನುಂಗಲಾಗದ ರೋಗಿಗಳಿಗೂ ಇಂದು ಇದೇ ಕ್ರಮ.

ಎಚ್ಚರ ಬೇಕಾಗುವುದು ಪಾತ್ರೆಯ ಬಗ್ಗೆ. "ದೇವರ ಕುರಿಮರಿ" ಹಾಡುವಾಗ ಗುರುಗಳ ಕೈಗಳನ್ನು ಗಮನಿಸಿ. ಓಸ್ತಿಯನ್ನು ಮುರಿದು, ಸಣ್ಣ ತುಣುಕೊಂದನ್ನು ಮುಖ್ಯ ಪಾನಪಾತ್ರೆಯೊಳಗೆ ಹಾಕುತ್ತಾರೆ. ಆ ಗಳಿಗೆಯಿಂದ ಆ ಪಾತ್ರೆ ನಿಮ್ಮ ಮಗಳಿಗೆ ಸಲ್ಲದು. ಓಸ್ತಿ ಸೇವಿಸಿದ ತುಟಿಗಳು ತಾಗಿದ ಪಾತ್ರೆಯೂ ಹಾಗೆಯೇ. ಅಂಚನ್ನು ಬಟ್ಟೆಯಿಂದ ಒರೆಸಿದರೂ ಕಣ ಉಳಿಯಬಹುದು. ಆದ್ದರಿಂದ ರೊಟ್ಟಿ, ದ್ರಾಕ್ಷಾರಸ ಅರ್ಪಿಸುವ ಕಾಣಿಕೆಯ ಸಮಯದಲ್ಲೇ ಅವಳಿಗಾಗಿ ಬೇರೆ ಚಿಕ್ಕ ಪಾತ್ರೆಯಲ್ಲಿ ದ್ರಾಕ್ಷಾರಸ ಹಾಕಿ ಬಲಿಪೀಠದ ಮೇಲಿಡಲಿ, ಅದನ್ನು ಅವಳೊಬ್ಬಳೇ ಕುಡಿಯಲಿ. ಕಡಿಮೆ ಗ್ಲುಟೆನ್‌ನ ಓಸ್ತಿಯನ್ನು ಆರಿಸಿಕೊಂಡರೆ ಅದಕ್ಕೂ ಮುಚ್ಚಳವಿರುವ ಪ್ರತ್ಯೇಕ ಡಬ್ಬಿ ಬೇಕು, ಮಾಮೂಲಿ ಓಸ್ತಿ ಮುಟ್ಟಿದ ಬೆರಳು ಅದಕ್ಕೆ ತಾಗಬಾರದು.

ಗುಟುಕು ದ್ರಾಕ್ಷಾರಸವನ್ನೂ ಮಗುವಿಗೆ ಕೊಡಲು ಮನಸ್ಸಿಲ್ಲದಿದ್ದರೆ, ಸ್ವಭಾವ ಕೆಡದಂತೆ ಹುಳಿಯುವಿಕೆಯನ್ನು ತಡೆದಿಟ್ಟ ದ್ರಾಕ್ಷಿರಸಕ್ಕೂ ಬಿಷಪರ ಅನುಮತಿ ಕೇಳಬಹುದು.

ಗುರುಗಳನ್ನು ಪೂಜೆಗೆ ಐದು ನಿಮಿಷ ಇರುವಾಗ ಹಿಡಿಯಬೇಡಿ. ಈ ವಾರವೇ ಸಮಯ ಕೇಳಿ ಹೋಗಿ, 2003ರ ಪತ್ರದ ಪ್ರತಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ನನಗೆ ಸಿಕ್ಕ ಗುರುಗಳಲ್ಲಿ ಹೆಚ್ಚಿನವರಿಗೆ ಮನಸ್ಸಿತ್ತು, ಮಾಹಿತಿ ಇರಲಿಲ್ಲ. ಧರ್ಮೋಪದೇಶ ಕಲಿಸುವವರಿಗೂ ಹೇಳಿಡಿ. ಅಭ್ಯಾಸದ ದಿನವೇ ಮಗಳು ಚಿಕ್ಕ ಪಾತ್ರೆಯನ್ನು ಹಿಡಿದು ಕುಡಿದು ನೋಡಲಿ, ಮುಂದೆ ಮಕ್ಕಳ ಸಾಲಿನಲ್ಲಿ ಎಲ್ಲರೊಂದಿಗೆ ನಿಲ್ಲಲಿ. ಅವಳನ್ನು ಕೊನೆಗೆ ಪ್ರತ್ಯೇಕವಾಗಿ ಕರೆಯುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.