ನಕಲು ಮಾಡುತ್ತಾ ಹೋದರೆ ಸ್ವಂತ ಶೈಲಿ ಬರುತ್ತಾ?

ಪ್ರಶ್ನೆ: ನಾನು ಚಿತ್ರಕಲೆಯನ್ನು ಯಾರ ಹತ್ತಿರವೂ ಕಲಿತವನಲ್ಲ. ಮೂರು ವರ್ಷದಿಂದ 17ನೇ ಶತಮಾನದ ಡಚ್ ಕಲಾವಿದರಾದ ರೆಂಬ್ರಾಂಟ್, ವರ್ಮೀರ್ ಚಿತ್ರಗಳನ್ನು ನೋಡಿಕೊಂಡು ಆಯಿಲ್ ಬಣ್ಣದಲ್ಲಿ ಬರೆಯುತ್ತಿದ್ದೇನೆ. ನಕಲು ಚೆನ್ನಾಗಿ ಬರುತ್ತದೆ, ನೋಡಿದವರು ಹೊಗಳುತ್ತಾರೆ. ಆದರೆ ಸ್ವಂತದ್ದು ಅಂತ ಕೂತರೆ ಕೈ ಓಡುವುದಿಲ್ಲ. ಓಡಿದರೂ ಅರೆಬರೆ ರೆಂಬ್ರಾಂಟ್ ಆಗುತ್ತದೆ. ನಕಲು ಮಾಡುವುದನ್ನು ಬಿಟ್ಟುಬಿಡಬೇಕಾ?

ಉತ್ತರ: ಖಂಡಿತ ಬಿಡಬೇಡಿ. ಮಾಡುವ ರೀತಿಯನ್ನು ಬದಲಿಸಿ ನೋಡಿ.

ನೀವು ಬಹುಶಃ ಇಡೀ ಚಿತ್ರವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ, ಮೂಲದ ಹಾಗೇ ಕಾಣುವ ತನಕ ಬರೆಯುತ್ತಿದ್ದೀರಿ. ಅದರಿಂದ ಕೈ ಪಳಗುತ್ತದೆ, ನಿಜ. ಆದರೆ ಬೆಳಕು ಯಾವ ಕಡೆಯಿಂದ ಬರಬೇಕು, ಯಾವ ಅಂಚು ಚೂಪಾಗಿರಬೇಕು, ಯಾವುದು ನೆರಳಲ್ಲಿ ಕರಗಿ ಹೋಗಬೇಕು ಎನ್ನುವುದನ್ನೆಲ್ಲ ರೆಂಬ್ರಾಂಟ್ ಆಗಲೇ ತೀರ್ಮಾನಿಸಿಬಿಟ್ಟಿದ್ದಾನೆ. ಖಾಲಿ ಕ್ಯಾನ್ವಾಸ್ ಮುಂದೆ ಅದನ್ನೆಲ್ಲ ನೀವೇ ತೀರ್ಮಾನಿಸಬೇಕು. ಅದರ ಅಭ್ಯಾಸವೇ ಆಗಿಲ್ಲ, ಕೈ ನಿಲ್ಲುವುದು ಅದಕ್ಕೇ.

ಹಾಗಾಗಿ ಒಂದು ಸಲಕ್ಕೆ ಒಂದೇ ವಿಷಯ ಹಿಡಿಯಿರಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನಲ್ಲಿ ರೆಂಬ್ರಾಂಟ್ 1628ರ ಸುಮಾರಿಗೆ ತನ್ನದೇ ಮುಖ ಬರೆದುಕೊಂಡ ಒಂದು ಪುಟ್ಟ ಚಿತ್ರವಿದೆ, ಹೆಚ್ಚೆಂದರೆ ಒಂದು ಗೇಣು ಎತ್ತರ. ಮುಖದ ಬಹುಪಾಲು ನೆರಳಲ್ಲಿದೆ. ಗುಂಗುರು ಕೂದಲಿನ ಎಳೆಗಳನ್ನು ತೋರಿಸಲು ಅವನು ಹಸಿ ಬಣ್ಣವನ್ನು ಬ್ರಷ್ಷಿನ ಹಿಂಬದಿಯಿಂದ ಗೀರಿದ್ದಾನೆ. ಆ ಕೂದಲನ್ನಷ್ಟೇ ಅಂಗೈ ಅಗಲದ ಬೋರ್ಡಿನ ಮೇಲೆ ನಾಲ್ಕು ಸಲ ಮಾಡಿ. ಇನ್ನೊಂದು ದಿನ ವರ್ಮೀರ್‌ನ ‘ಮುತ್ತಿನ ಓಲೆಯ ಹುಡುಗಿ’ ಚಿತ್ರವನ್ನು ತೆಗೆದುಕೊಳ್ಳಿ, ಅದರಲ್ಲೂ ಮುತ್ತನ್ನು ಮಾತ್ರ. ಹತ್ತಿರದಿಂದ ನೋಡಿದರೆ ಆ ಮುತ್ತಿಗೆ ಕಿವಿಗೆ ಸಿಕ್ಕಿಸುವ ಕೊಕ್ಕೆಯೇ ಇಲ್ಲ. ಮೇಲೊಂದು ದಪ್ಪ ಬಿಳಿ ಚುಕ್ಕೆ, ಕೆಳಗೆ ಬಿಳಿ ಕಾಲರ್‌ನ ಮಂದ ಪ್ರತಿಬಿಂಬ, ಅಷ್ಟೇ. ಉಳಿದದ್ದನ್ನು ನಮ್ಮ ಕಣ್ಣು ತಾನೇ ತುಂಬಿಕೊಳ್ಳುತ್ತದೆ. ಅವನು ಏನೇನು ಬರೆಯದೆ ಬಿಟ್ಟಿದ್ದಾನೆ ಅಂತ ನೋಡುವುದೇ ಆ ದಿನದ ಪಾಠ.

ಅದೇ ದಿನ, ನೆನಪು ಹಸಿಯಾಗಿರುವಾಗಲೇ, ಒಂದು ಲೋಟವನ್ನೋ ಚಮಚವನ್ನೋ ಕಿಟಕಿ ಹತ್ತಿರ ಇಟ್ಟುಕೊಂಡು ಆ ಪಾಠವನ್ನು ಅದರ ಮೇಲೆ ಪ್ರಯತ್ನಿಸಿ. ದಯವಿಟ್ಟು ಇದನ್ನು ತಪ್ಪಿಸಬೇಡಿ. ಕೆಟ್ಟದಾಗಿ ಬಂದರೂ ಪರವಾಗಿಲ್ಲ.

ಇನ್ನು ಡಚ್ ಕಲಾವಿದ ವ್ಯಾನ್ ಗೋ ಹೇಗೆ ನಕಲು ಮಾಡಿದ ಅಂತ ನೋಡಿ. ಅವನೂ ಹೆಚ್ಚಿನದನ್ನು ನಿಮ್ಮ ಹಾಗೆ ತಾನೇ ಕಲಿತವನು, ಕಲಾವಿದನಾಗಬೇಕು ಅಂತ ಹೊರಟಾಗ 27 ವರ್ಷ. 1889–90ರಲ್ಲಿ ಫ್ರಾನ್ಸಿನ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ ಫ್ರೆಂಚ್ ಕಲಾವಿದ ಮಿಲೆ ಬರೆದ ರೈತರ ಚಿತ್ರಗಳನ್ನು ಒಂದರ ಮೇಲೊಂದು ನಕಲು ಮಾಡಿದ. ಆದರೆ ಅವನ ಎದುರಿಗಿದ್ದದ್ದು ಕಪ್ಪು-ಬಿಳುಪಿನ ಪ್ರಿಂಟುಗಳು. ಗೆರೆ, ಭಂಗಿ ಮಿಲೆಯದ್ದು, ಬಣ್ಣವನ್ನು ಮಾತ್ರ ಅವನೇ ಹುಡುಕಬೇಕಿತ್ತು. ತಮ್ಮ ಥಿಯೋಗೆ ಬರೆದ ಪತ್ರದಲ್ಲಿ ಇದನ್ನು ಬೇರೊಬ್ಬರು ರಚಿಸಿದ ಸಂಗೀತವನ್ನು ನುಡಿಸುವುದಕ್ಕೆ ಹೋಲಿಸಿದ್ದ. ನೀವೂ ಹೀಗೆ ಮಾಡಿ. ನಿಮಗೆ ಇಷ್ಟವಾದ ಚಿತ್ರದ ಕಪ್ಪು-ಬಿಳುಪು ಪ್ರಿಂಟ್ ತೆಗೆಸಿ, ಬಣ್ಣದ ಮೂಲವನ್ನು ಒಂದು ತಿಂಗಳು ನೋಡಬೇಡಿ, ಬಣ್ಣ ನೀವೇ ಕೊಡಿ. ನಿಮ್ಮ ಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗಂತೂ ಗೊತ್ತಿಲ್ಲ.

ಆಮೇಲೆ ಹಳೆಯ ನಕಲುಗಳನ್ನೆಲ್ಲ ಗೋಡೆಗೆ ಒರಗಿಸಿ ಸಾಲಾಗಿ ಇಡಿ. ಮೂಲಕ್ಕಿಂತ ಎಲ್ಲಿ ಬೇರೆಯಾಗಿವೆ? ಕಣ್ಣು ಓರೆಯಾಗಿದ್ದರೆ ಅದು ತಪ್ಪು, ಡ್ರಾಯಿಂಗ್ ತಿದ್ದಿಕೊಳ್ಳಬೇಕು. ಆದರೆ ನೆರಳು ಪ್ರತಿ ಸಲವೂ ಸ್ವಲ್ಪ ನೀಲಿಗೆ ತಿರುಗುತ್ತಿದ್ದರೆ, ಅಥವಾ ಹಿನ್ನೆಲೆಯನ್ನು ಬೇಡಬೇಡವೆಂದರೂ ದಪ್ಪಗೆ ಹಚ್ಚುತ್ತಿದ್ದರೆ, ಅದನ್ನು ತಿದ್ದಬೇಡಿ. ಮುಂದಿನ ಚಿತ್ರದಲ್ಲಿ ಬೇಕೆಂದೇ ಇನ್ನಷ್ಟು ಜಾಸ್ತಿ ಮಾಡಿ. ಫ್ಲೆಮಿಶ್ ಕಲಾವಿದ ರೂಬೆನ್ಸ್ 1628–29ರಲ್ಲಿ ಮ್ಯಾಡ್ರಿಡ್‌ನಲ್ಲಿದ್ದಾಗ ಇಟಲಿಯ ಹಿರಿಯ ಕಲಾವಿದ ಟಿಷಿಯನ್ ಬರೆದ ಆಡಮ್ ಮತ್ತು ಈವ್ ಚಿತ್ರವನ್ನು ನಕಲು ಮಾಡಿದ. ಆಗ ಅವನಿಗೆ ಐವತ್ತು ದಾಟಿತ್ತು, ದೊಡ್ಡ ಹೆಸರಿತ್ತು, ಆದರೂ ಕೂತು ಇನ್ನೊಬ್ಬರದ್ದನ್ನು ಬರೆದ ಅನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ. ಆಡಮ್‌ನ ಭಂಗಿ ಬದಲಿಸಿದ, ಮರದ ಮೇಲೆ ಕೆಂಪು ಗಿಣಿಯೊಂದನ್ನು ಕೂರಿಸಿದ. ಮೂಲ, ನಕಲು ಎರಡೂ ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂನಲ್ಲಿವೆ. ನಿಮ್ಮ ನಕಲುಗಳಲ್ಲೂ ಅಂಥದ್ದೊಂದು ಗಿಣಿ ಆಗಲೇ ಬಂದು ಕೂತಿರಬಹುದು, ಹುಡುಕಿ.

ಪ್ರಶ್ನೆ: ಹಳೆಯ ಚಿತ್ರಗಳ ಆ ಕಂದು ಕಳೆ ಬರಲಿ ಅಂತ ಕೊನೆಗೆ ಇಡೀ ಚಿತ್ರಕ್ಕೆ ತೆಳುವಾಗಿ ಅಂಬರ್ (ಕಂದು ಬಣ್ಣ) ಹಚ್ಚುತ್ತೇನೆ. ಆದರೆ ಚಿತ್ರ ಮಂಕಾಗುತ್ತದೆ, ಯಾಕೆ?

ಉತ್ತರ: ನೀವು ಹಚ್ಚುತ್ತಿರುವುದು ಬಹುಮಟ್ಟಿಗೆ ಹಳೆಯ ವಾರ್ನಿಷ್‌ನ ಬಣ್ಣ! ಚಿತ್ರದ ರಕ್ಷಣೆಗೆ ಮೇಲೆ ಹಚ್ಚುವ ಈ ವಾರ್ನಿಷ್ ಕಾಲ ಕಳೆದಂತೆ ಹಳದಿಯಾಗಿ, ಆಮೇಲೆ ಕಂದಾಗುತ್ತದೆ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ (ರಾತ್ರಿ ಕಾವಲು) ಚಿತ್ರಕ್ಕೆ ಆ ಹೆಸರು ಬಂದದ್ದು ಎಷ್ಟೋ ವರ್ಷಗಳ ನಂತರ, ಚಿತ್ರ ಕಪ್ಪಾಗಿ ರಾತ್ರಿಯ ಹಾಗೆ ಕಾಣತೊಡಗಿದ ಮೇಲೆ. 1946–47ರಲ್ಲಿ ಕಪ್ಪಾಗಿದ್ದ ವಾರ್ನಿಷ್ ತೆಗೆದಾಗ ಅದು ಹಗಲಿನ ದೃಶ್ಯ ಅಂತ ಎದ್ದು ಕಂಡಿತು. 2022ರಲ್ಲಿ ರೈಕ್ಸ್‌ಮ್ಯೂಸಿಯಂ ಇದೇ ಚಿತ್ರದ 717 ಗಿಗಾಪಿಕ್ಸೆಲ್ ಫೋಟೊ ಹೊರತಂದಿದೆ, ಅಂದರೆ 71,700 ಕೋಟಿ ಪಿಕ್ಸೆಲ್. ಬಣ್ಣದ ಒಂದೊಂದು ಕಣವೂ ಕಾಣುತ್ತದೆ. ಕಲಿಯಲು ಮಸುಕು ಪ್ರಿಂಟುಗಳನ್ನು ಬಿಟ್ಟು ಇಂಥದ್ದನ್ನು ನೋಡಿ.

ರೆಂಬ್ರಾಂಟ್‌ನ ಚಿತ್ರಗಳ ಆಳ ಬಂದಿರುವುದು ಬೇರೆ ಕಡೆಯಿಂದ. ನೆರಳನ್ನು ತೆಳುವಾಗಿ, ಪಾರದರ್ಶಕವಾಗಿ ಇಡುತ್ತಾನೆ, ಬೆಳಕು ಬಿದ್ದಲ್ಲಿ ಬಣ್ಣ ದಪ್ಪ. ನಿಮ್ಮ ಅಂಬರ್ ಆ ದಪ್ಪ ಬೆಳಕನ್ನೇ ಮುಚ್ಚಿಬಿಡುತ್ತದೆ, ಅಲ್ವಾ? ಕಂದು ಬೇಕಿದ್ದರೆ ಮೊದಲ ಪದರದಲ್ಲೇ ಹಾಕಿ, ನೆರಳಿನಲ್ಲಿ ಅದನ್ನು ಹಾಗೇ ಬಿಡಿ. ಮೇಲಿನ ಪದರಗಳಲ್ಲಿ ಎಣ್ಣೆ ಕೆಳಗಿನದಕ್ಕಿಂತ ಜಾಸ್ತಿ ಇರಲಿ, ಇಲ್ಲದಿದ್ದರೆ ಮುಂದೆ ಬಿರುಕು ಬಿಡುತ್ತದೆ. ಇನ್ನೊಂದು ಮಾತು. ಆ ಕಾಲದ ಕಲಾವಿದರೆಲ್ಲ ಬಳಸಿದ್ದು ಸೀಸದ ಬಿಳಿ, ಅದು ವಿಷ. ಮನೆಯಲ್ಲಿ ಕೂತು ಬರೆಯುವವರಿಗೆ ಟೈಟಾನಿಯಂ ವೈಟ್ ಸಾಕು.

ಪ್ರಶ್ನೆ: ನಕಲು ಮಾಡಿದ ಚಿತ್ರಕ್ಕೆ ನನ್ನ ಸಹಿ ಹಾಕಬಹುದಾ?

ಉತ್ತರ: ಹಾಕಿ, ಜೊತೆಗೆ ಯಾರ ಯಾವ ಚಿತ್ರವನ್ನು ನೋಡಿ ಬರೆದದ್ದು ಅಂತ ಕ್ಯಾನ್ವಾಸ್‌ನ ಹಿಂದೆ ಸ್ಪಷ್ಟವಾಗಿ ಬರೆಯಿರಿ. ಮೂಲ ಕಲಾವಿದನ ಸಹಿಯನ್ನು ಮಾತ್ರ ಯಾವತ್ತೂ ನಕಲು ಮಾಡಬೇಡಿ, ಸುಮ್ನೆ ಅಭ್ಯಾಸಕ್ಕೂ ಬೇಡ. ಅಳತೆಯನ್ನೂ ಬದಲಿಸಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಕೂತು ನಕಲು ಮಾಡಲು ಇವತ್ತಿಗೂ ಅನುಮತಿ ಕೊಡುತ್ತಾರೆ, ಆದರೆ ಮೂಲದಷ್ಟೇ ಅಳತೆಯ ಕ್ಯಾನ್ವಾಸ್ ಬಳಸುವಂತಿಲ್ಲ.